ತಪ್ಪು ಹೇಳುವವಳು

"ಪರವಾಗಿಲ್ಲ, ಇನ್ನೊಂದು ಸಲ ಯೋಚನೆ ಮಾಡು." ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಅವಳು ಈ ಮಾತನ್ನು ಮೆಲ್ಲಗೆ ಒಮ್ಮೆ, ಸ್ವಲ್ಪ ನಗುತ್ತ ಒಮ್ಮೆ, ತಲೆಯನ್ನು ಒಂದಿಷ್ಟು ವಾಲಿಸಿ ಒಮ್ಮೆ ಹೇಳಿ ನೋಡಿದಳು. ನಗು ಹೆಚ್ಚಾದರೆ ಮಗುವನ್ನು ಗೇಲಿ ಮಾಡಿದ ಹಾಗೆ ಕಾಣುತ್ತಿತ್ತು, ಕಡಿಮೆಯಾದರೆ ಗದರಿಸಿದ ಹಾಗೆ. ಎರಡರ ನಡುವೆ ಎಲ್ಲೋ ಒಂದು ನಗು ಇರಬೇಕು. ಅವಳು ಪಾಠ ಮಾಡುವುದನ್ನು ನೋಡಲು ಬರುವ ಪರೀಕ್ಷಕರಿಗೆ ಬೇಕಾದದ್ದು ಅದು, ಅದಕ್ಕೆ ಬೇರೆಯಾಗಿ ಅಂಕ ಇತ್ತು. ಹಲ್ಲುಜ್ಜಿದ ನೊರೆ ತುಟಿಯ ಮೂಲೆಯಲ್ಲಿ ಒಣಗುತ್ತಿತ್ತು. "ಯಾರಿಗೇ ಹೇಳ್ತಿದೀಯ ಅದನ್ನ, ನನಗಾ?" ಎಂದು ಹೊರಗಿನಿಂದ ಅತ್ತೆಯ ದನಿ ಬಂತು. "ನಾನು ಯೋಚನೆ ಮಾಡಿ ಆಯ್ತು. ನೀನು ಹೊರಗೆ ಬಾ, ನಾನು ಒಳಗೆ ಬರಬೇಕು."

ಅತ್ತೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕಡೆ ಅರ್ಧ ಆಯುಷ್ಯ ಸವೆಸಿ ನಿವೃತ್ತಳಾದವಳು. ಇಸ್ತ್ರಿಪೆಟ್ಟಿಗೆಯನ್ನು ಸೊಸೆಯ ಕೈಗೆ ಇವತ್ತಿಗೂ ಕೊಟ್ಟವಳಲ್ಲ. ಸೊಸೆಯ ಬಿಳಿ ಅಂಗಿ ಆಗಲೇ ಗರಿಗರಿಯಾಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ರಾತ್ರಿಪಾಳಿ ಮುಗಿಸಿ ಬಂದ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನನ್ನು ಎಬ್ಬಿಸದ ಹಾಗೆ ಇಬ್ಬರೂ ಅಡುಗೆಮನೆಯಲ್ಲಿ ನಿಂತೇ ಚಹಾ ಕುಡಿದರು. "ಮೂರನೇ ಸಲ ಅಲ್ವೇನೇ ಇದು?" ಎಂದಳು ಅತ್ತೆ. ಹೌದು ಎಂದು ಅವಳು ತಲೆಯಾಡಿಸಿದಳು. "ಈ ಸಲಾನೂ ಆಗ್ಲಿಲ್ಲ ಅಂದ್ರೆ?" "ಬರೆದು ಪಾಸಾದ ಪರೀಕ್ಷೆಗಳೆಲ್ಲ ರದ್ದು ಅತ್ತೆ. ಮತ್ತೆ ಮೊದಲಿಂದ ಎರಡು ವರ್ಷ ಓದಬೇಕು." "ಅಲ್ಲೀತನಕ ಕೆಲಸ?" "ಈ ವರ್ಷದ ಕೊನೇವರೆಗೆ ಇರುತ್ತೆ. ಆಮೇಲೆ ಸರ್ಟಿಫಿಕೇಟ್ ಇಲ್ದೋರನ್ನ ಸರ್ಕಾರಿ ಶಾಲೇಲಿ ಇಟ್ಕೊಳ್ಳಲ್ವಂತೆ." ಅತ್ತೆ ಲೋಟದ ತಳದಲ್ಲಿ ಉಳಿದಿದ್ದನ್ನು ಒಂದೇ ಗುಟುಕಿಗೆ ಮುಗಿಸಿ, ಬಹಳ ಗಂಭೀರವಾಗಿ ಕೇಳಿದಳು: "ಆ ಹುಡುಗಿ ಸರಿಯಾಗಿ ತಪ್ಪು ಹೇಳ್ತಾಳೆ ತಾನೇ?" ನಿನ್ನೆ ಊಟದ ಹೊತ್ತಿಗೆ ಇದನ್ನೇ ತಮಾಷೆಯಾಗಿ ಹೇಳಿ ಮನೆಯವರನ್ನೆಲ್ಲ ನಗಿಸಿದವಳು ಸೊಸೆಯೇ. ಈಗ ಅದೇ ಮಾತು ಅತ್ತೆಯ ಬಾಯಿಂದ ಬಂದಾಗ ಅವಳು ಅರ್ಧ ಚಹಾ ಇದ್ದ ಲೋಟವನ್ನು ಹಾಗೇ ಕೆಳಗಿಟ್ಟಳು.

ಶಾಲೆಗೆ ಹೋಗುವ ದಾರಿಯಲ್ಲಿ ಚರಂಡಿಗೆ ಹೊಸ ಕಲ್ಲುಚಪ್ಪಡಿ ಹಾಸುತ್ತಿದ್ದರು. ಅವಳು ಒಂದು ಚಪ್ಪಡಿಯಿಂದ ಇನ್ನೊಂದಕ್ಕೆ ಕಾಲಿಡುತ್ತ ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತಿದ್ದಳು. ಮೊದಲು ಪೀಠಿಕೆ, ಆಮೇಲೆ ಕಾಗದದ ಪಟ್ಟಿಗಳು, ಆಮೇಲೆ ಪ್ರಶ್ನೆ, ತಪ್ಪು, ತಿದ್ದುವಿಕೆ, ಕೊನೆಗೆ ಸಾರಾಂಶ. ಮೊದಲನೇ ಸಲ ಬಿದ್ದದ್ದು ತಪ್ಪೇ ಬಾರದೆ. ಅವತ್ತು ಮಕ್ಕಳು ಕೇಳಿದ್ದಕ್ಕೆಲ್ಲ ಪಟಪಟನೆ ಸರಿಯಾದ ಉತ್ತರ ಕೊಟ್ಟುಬಿಟ್ಟಿದ್ದವು. ಅವಳು ಉಬ್ಬಿಹೋಗಿದ್ದಳು. ಮಕ್ಕಳ ತಪ್ಪನ್ನು ತಿದ್ದುವ ಕೌಶಲ ಎಂಬ ಕಾಲಮ್ಮಿನಲ್ಲಿ ಸೊನ್ನೆ ಬಿತ್ತು. ತಪ್ಪೇ ಬರದಿದ್ದರೆ ತಿದ್ದುವುದು ಏನನ್ನು ಎಂದು ಕೇಳಿದ್ದಕ್ಕೆ ಆ ಪರೀಕ್ಷಕಿ, "ಅದು ನಿಮ್ಮ ತಲೆನೋವು," ಎಂದು ಕನ್ನಡಕವನ್ನು ಡಬ್ಬಿಗೆ ಹಾಕಿಕೊಂಡಿದ್ದರು. ಎರಡನೇ ಸಲ ತಪ್ಪು ತಾನಾಗಿಯೇ ಬಂತು, ಮನೆಗೆ ಬಂದ ನೆಂಟನ ಹಾಗೆ ಬಂದು ಕೂತೇಬಿಟ್ಟಿತು. ಭಾಗಾಕಾರದಲ್ಲಿ ಶೇಷ ಯಾಕೆ ಉಳಿಯುತ್ತದೆ ಎಂದು ಒಬ್ಬ ಹುಡುಗನಿಗೆ ನಿಜಕ್ಕೂ ತಿಳಿಯಲಿಲ್ಲ. ಅವಳು ಅವನ ಬೆಂಚಿನಲ್ಲೇ ಕೂತು ಅಂಗಿಗುಂಡಿಗಳನ್ನು ಹಂಚಿ, ಮತ್ತೆ ಹಂಚಿ, ಅವನು "ಓ" ಎನ್ನುವ ಹೊತ್ತಿಗೆ ಗಂಟೆ ಹೊಡೆದಿತ್ತು. ಪಾಠ ಅಪೂರ್ಣ. ಒಬ್ಬನಿಗೋಸ್ಕರ ಇಡೀ ತರಗತಿಯನ್ನು ಕೈಬಿಟ್ಟಿದ್ದೀರಿ ಎಂದು ಬರೆದರು. ಆ "ಓ" ಅನ್ನು ಬರೆಯಲು ಯಾವ ಕಾಲಮ್ಮೂ ಇರಲಿಲ್ಲ. ಹಾಗಾದರೆ ಇವರಿಗೆ ತಪ್ಪೂ ಬೇಕು, ಆದರೆ ಅದು ಹೇಳಿದ ಹೊತ್ತಿಗೆ ಬಂದು, ಹೇಳಿದ ಹೊತ್ತಿಗೆ ಎದ್ದು ಹೋಗಬೇಕು. ಅವಳಿಗೆ ರಸ್ತೆಯ ಮಧ್ಯದಲ್ಲೇ ನಗು ಬಂತು. ಚಪ್ಪಡಿ ಹಾಸುತ್ತಿದ್ದ ಕೆಲಸಗಾರ ತನ್ನನ್ನು ನೋಡಿ ನಗುತ್ತಿದ್ದಾಳೆ ಎಂದುಕೊಂಡು ಮುಖ ಗಂಟಿಕ್ಕಿದ.

ಶಿಕ್ಷಕರ ಕೋಣೆಯಲ್ಲಿ ಕಾಯಂ ಆದವರಿಗೆ ಹೆಸರು ಅಂಟಿಸಿದ ಕುರ್ಚಿಗಳಿದ್ದವು. ತಾತ್ಕಾಲಿಕದವರಿಗೆ ಜೆರಾಕ್ಸ್ ಯಂತ್ರದ ಪಕ್ಕ ಒಂದು ಸ್ಟೂಲು. ಯಂತ್ರ ಓಡುವಾಗ ಸ್ಟೂಲಿನ ಕಾಲೂ ನಡುಗುತ್ತಿತ್ತು. ಅದರ ಮೇಲೆ ಕೂತೇ ಅವಳು ಇಷ್ಟು ವರ್ಷ ಮಕ್ಕಳ ಪುಸ್ತಕ ತಿದ್ದಿದ್ದು. ಹೊಸದಾಗಿ ಬಂದ ಎಳೆಯ ಮಾಸ್ತರರು, ಅವಳ ಕೈಯಲ್ಲಿ ಹಾಜರಿ ಹಾಕುವುದನ್ನು ಕಲಿತವರು, ಸರ್ಟಿಫಿಕೇಟ್ ತಂದು ಕುರ್ಚಿ ಹಿಡಿದು, "ಅಕ್ಕಾ, ಎರಡು ಪ್ರತಿ ತೆಗೆದುಕೊಡ್ತೀರಾ, ಹೇಗೂ ಅಲ್ಲೇ ಇದೀರಲ್ಲ" ಎನ್ನುತ್ತಿದ್ದರು. ಅವಳು ತೆಗೆದುಕೊಡುತ್ತಿದ್ದಳು. ಇವತ್ತು ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. ಕಿಟಕಿಯ ಪಕ್ಕ ನಿಂತು ಕೆಂಪು ಕಾಗದದ ಪಟ್ಟಿಗಳನ್ನು ಎಣಿಸಿದಳು, ಎಣಿಸಿದ್ದು ಮರೆತು ಮತ್ತೆ ಎಣಿಸಿದಳು. ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಬೀಗದ ಕೈಗಳ ಗೊಂಚಲನ್ನು ಝಣಝಣ ಅನ್ನಿಸುತ್ತ ಬಂದರು. ಆ ಸದ್ದಿನಿಂದಲೇ ಮಕ್ಕಳು ಅವರಿಗೆ ಗೆಜ್ಜೆ ಎಂದು ಹೆಸರಿಟ್ಟಿದ್ದವು. "ಎಲ್ಲಾ ರೆಡೀನಾ? ಪರೀಕ್ಷಕರು ಬಂದಿದಾರೆ. ಪಾಪ, ನೆಗಡಿ ಅವರಿಗೆ. ಬೇಗ ಮುಗಿಸಿ ಕಳಿಸೋಣ." ಆಮೇಲೆ ದನಿ ತಗ್ಗಿಸಿ, "ನಿಧಾನಿ ಬಂದಿದಾಳೆ ತಾನೇ?" ಎಂದರು. ಬಂದಿದ್ದಾಳೆ ಎಂದು ಅವಳು ಹೇಳಿದಳು. "ಪೆನ್ಸಿಲ್ ಕೊಟ್ಟಿದೀನಿ ಅವಳಿಗೆ ಬೆಳಿಗ್ಗೇನೇ. ಖುಷಿಯಾಗಿ ಹೇಳಲಿ ಅಂತ."

ಪೆನ್ಸಿಲ್ ಎಂದ ಕೂಡಲೇ ಅವಳ ಎಣಿಕೆ ಮತ್ತೆ ತಪ್ಪಿತು. ಪೆನ್ಸಿಲ್ ಕೊಡುವ ವಿಷಯ ಅವಳಿಗೆ ಗೊತ್ತಿರಲಿಲ್ಲ.

ದೊಡ್ಡ ಮೇಡಂ ಕೆಟ್ಟವರಲ್ಲ. ಎರಡು ಸಲ ಬಿದ್ದವಳನ್ನು ಹೇಗಾದರೂ ಎತ್ತಬೇಕೆಂದು ಅವರಿಗೆ ಇತ್ತು. ಕಳೆದ ವಾರ ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಸಮಾಧಾನವಾಗಿ ಹೇಳಿದ್ದರು: "ನೋಡಮ್ಮ, ತಪ್ಪು ಅನ್ನೋದು ಅಡುಗೆಗೆ ಉಪ್ಪು ಇದ್ದ ಹಾಗೆ. ಒಂದು ಚಿಟಿಕೆ ಸಾಕು, ಅದನ್ನೂ ನಾವೇ ಹಾಕ್ಬೇಕು. ಈ ಶಾಲೇಲಿ ಪಾಸಾದವರೆಲ್ಲ ಹೀಗೇ ಪಾಸಾಗಿದ್ದು, ನಾನೂ ಸೇರಿ. ಒಂದು ಮಗು ಆರಿಸ್ಕೋ. ಜಾಣ ಮಗು ಬೇಡ, ಅದಕ್ಕೆ ಅವಮಾನ ಆಗುತ್ತೆ, ಅಪ್ಪ ಅಮ್ಮ ಜಗಳಕ್ಕೆ ಬರ್ತಾರೆ. ತೀರಾ ದಡ್ಡ ಮಗೂನೂ ಬೇಡ, ಹೇಳಿಕೊಟ್ಟಿದ್ದು ಮರೆತು ಇನ್ನೇನೋ ಹೇಳುತ್ತೆ. ಹೇಳಿದ ಮಾತು ಕೇಳೋ ಮಗು ಬೇಕು. ಮನೆಯಿಂದ ಯಾರೂ ಬಂದು ಕೇಳದ ಮಗು." ಅವರು ಹೇಳಿದ್ದು ಅಷ್ಟೇ. ಹೆಸರು ಹೇಳಿದವಳು ಅವಳು. ಯಾರೂ ಅವಳ ಬಾಯಲ್ಲಿ ತುರುಕಲಿಲ್ಲ. ನಿಧಾನಿ ಎಂದಳು, ಅದೂ ಒಂದು ಕ್ಷಣವೂ ತಡವಿಲ್ಲದೆ, ಮೊದಲೇ ಯೋಚಿಸಿ ಇಟ್ಟುಕೊಂಡಿದ್ದವಳ ಹಾಗೆ. ಮೂರನೇ ಬೆಂಚಿನ ಆ ಹುಡುಗಿಗೆ ಆ ಅಡ್ಡಹೆಸರು ಇಟ್ಟವರು ಯಾರೋ, ಈಗ ಶಿಕ್ಷಕರೂ ಹಾಗೇ ಕರೆಯುತ್ತಿದ್ದರು. ಏನು ಕೇಳಿದರೂ ತಟ್ಟನೆ ಹೇಳುವವಳಲ್ಲ. ಕಿಟಕಿಯ ಆಚೆ ನೋಡಿ, ಬೆರಳಿನಿಂದ ಬೆಂಚಿನ ಮೇಲೆ ಏನೋ ಗೀಚಿ, ಉಳಿದವರು ಮುಂದಿನ ಲೆಕ್ಕಕ್ಕೆ ಹೋದಮೇಲೆ ಹಿಂದಿನದಕ್ಕೆ ಉತ್ತರ ಹೇಳುವವಳು. ಅವಳ ಅಮ್ಮ ಬೆಳಗಿನ ಜಾವ ಆಫೀಸುಗಳನ್ನು ಗುಡಿಸಿ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು. ಶಾಲೆಯ ಗೇಟಿನೊಳಗೆ ಅವಳನ್ನು ಯಾರೂ ನೋಡಿದ್ದಿಲ್ಲ.

ನಿನ್ನೆ ಶಾಲೆ ಬಿಟ್ಟ ಮೇಲೆ ತಾಲೀಮು ನಡೆಯಿತು. ಮಕ್ಕಳೆಲ್ಲ ಹುರುಪಿನಲ್ಲಿದ್ದವು, ನಾಟಕ ಅಂದರೆ ಯಾವ ಮಗುವಿಗೆ ಬೇಡ? ಒಂದೇ ಅಳತೆಯ ಎರಡು ಕೆಂಪು ಪಟ್ಟಿ. ಒಂದನ್ನು ಮೂರು ಸಮಪಾಲಾಗಿ ಮಡಿಸುವುದು, ಇನ್ನೊಂದನ್ನು ನಾಲ್ಕಾಗಿ. ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ? ಭಿನ್ನರಾಶಿ ಕಲಿಸಿದವರಿಗೆಲ್ಲ ಗೊತ್ತು, ಮಕ್ಕಳು ಎಡವುವುದು ಇಲ್ಲೇ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ, ಹಾಗಾದರೆ ನಾಲ್ಕನೇ ಒಂದೇ ದೊಡ್ಡದು ಎನ್ನುತ್ತವೆ. ನಿಧಾನಿ ಮಾತ್ರ ಎಡವಿರಲಿಲ್ಲ. "ನಂಗೆ ಗೊತ್ತು ಟೀಚರ್," ಎಂದಳು. "ಮೂರನೇ ಒಂದೇ ದೊಡ್ಡದು. ಜಾಸ್ತಿ ಜನಕ್ಕೆ ಹಂಚಿದ್ರೆ ಕಮ್ಮಿ ಸಿಗುತ್ತೆ." "ನಿನಗೆ ಗೊತ್ತಿದೆ ಅಂತ ನನಗೂ ಗೊತ್ತು ಕಣಮ್ಮ. ಆದ್ರೆ ನಾಳೆ ನೀನು ನಾಲ್ಕನೇ ಒಂದು ಅನ್ಬೇಕು." "ಯಾಕೆ?" "ಆಗ ನಾನು ತಿದ್ದಬಹುದಲ್ಲ." ಹುಡುಗಿ ಕಿಟಕಿಯ ಆಚೆ ನೋಡಿದಳು. ಉಳಿದ ಮಕ್ಕಳು ಚೀಲ ಹೆಗಲಿಗೇರಿಸಿ ಕಾಲು ಬದಲಿಸುತ್ತ ನಿಂತಿದ್ದವು. ಬಹಳ ಹೊತ್ತಿನ ಮೇಲೆ ಅವಳೆಂದಳು, "ಕಾಗದ ಬೇರೆ ಬೇರೆ ಅಳತೇದು ಆದ್ರೆ ನಾಲ್ಕನೇ ಒಂದೇ ದೊಡ್ಡದು ಇರಬಹುದಲ್ಲ ಟೀಚರ್?" ಟೀಚರಿಗೆ ಆ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತ್ತು. ಇಷ್ಟು ವರ್ಷ ಭಿನ್ನರಾಶಿ ಹೇಳಿಕೊಟ್ಟಿದ್ದರೂ ಒಂದು ಮಗುವೂ ಅದನ್ನು ಕೇಳಿರಲಿಲ್ಲ. ಆ ಒಂದು ಪ್ರಶ್ನೆ ಹಿಡಿದು ಎರಡು ದಿನ ಪಾಠ ಮಾಡಬಹುದಿತ್ತು. ಅವಳು ಗೋಡೆಯ ಗಡಿಯಾರ ನೋಡಿದಳು. "ಅದೆಲ್ಲ ಬೇಡ. ಹೇಳಿಕೊಟ್ಟಷ್ಟು ಹೇಳು. ನಿನಗೆ ಇದು ಸುಲಭವಾಗಿ ಬರುತ್ತೆ."

ನಿನಗೆ ಇದು ಸುಲಭವಾಗಿ ಬರುತ್ತೆ. ಅವಳು ಚಿಕ್ಕವಳಿದ್ದಾಗ ಅವಳ ಮೇಷ್ಟ್ರೂ ಹಾಗೆಂದೇ ಅವಳ ತಲೆ ನೇವರಿಸಿದ್ದರು. ಅವರ ಅಂಗೈಯಲ್ಲಿ ಸೀಮೆಸುಣ್ಣದ ಪುಡಿ ಇತ್ತು, ಮನೆಗೆ ಹೋದಾಗ ಅಮ್ಮ ಇದೇನೇ ತಲೆ ತುಂಬ ಎಂದು ಕೊಡವಿದ್ದಳು. ತಪಾಸಣೆಗೆ ಸಾಹೇಬರು ಬಂದಾಗ ಸೂರ್ಯನೇ ಭೂಮಿಯನ್ನು ಸುತ್ತುತ್ತಾನೆ ಎನ್ನಬೇಕು, ಅಷ್ಟೇ. ಅವಳು ಎಂಟು ವರ್ಷದ ಗಂಟಲನ್ನೆಲ್ಲ ತೆರೆದು ಅಂದಳು. ಸಾಹೇಬರು ನಕ್ಕರು, ಮೇಷ್ಟ್ರು ತಿದ್ದಿದರು. ಅವಳಿಗೆ ತುದಿಯಲ್ಲಿ ರಬ್ಬರು ಇದ್ದ ನೀಲಿ ಪೆನ್ಸಿಲ್ ಸಿಕ್ಕಿತು. ಅದನ್ನು ಮನೆಯಲ್ಲಿ ತೋರಿಸಿದಾಗ ಅಪ್ಪನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಅಣ್ಣ ಅವತ್ತೇ ತಪ್ಪಮ್ಮ ಎಂದು ನಾಮಕರಣ ಮಾಡಿದ. ಇವತ್ತಿಗೂ ಫೋನ್ ಮಾಡಿದರೆ, "ಏನಮ್ಮಾ ತಪ್ಪಮ್ಮ, ಪಾಸಾದ್ಯಾ?" ಎನ್ನುತ್ತಾನೆ, ಪ್ರೀತಿಯಿಂದಲೇ. ಅದೆಲ್ಲ ಹೋಗಲಿ. ಆಮೇಲೊಂದು ದಿನ, ಸಾಹೇಬರೂ ಇಲ್ಲ ಯಾರೂ ಇಲ್ಲ, ಸುಮ್ಮನೆ ಒಂದು ಸಾಧಾರಣ ದಿನ, ಮೇಷ್ಟ್ರು ಏನೋ ಕೇಳಿದರು, ಅವಳು ಕೈಯೆತ್ತಿದಳು. "ನೀನಲ್ಲ," ಎಂದರು ಮೇಷ್ಟ್ರು, "ಇವತ್ತು ಸರಿ ಉತ್ತರ ಬೇಕು." ತರಗತಿ ಗೊಳ್ಳೆಂದಿತು. ಅವಳೂ ನಕ್ಕಳು. ಆ ಸಂಜೆ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಇನ್ನೂ ಮೊನೆ ಮಾಡದಿದ್ದ ಆ ನೀಲಿ ಪೆನ್ಸಿಲನ್ನು ಮೆಂಡರಿಗೆ ಹಾಕಿ ತಿರುಗಿಸತೊಡಗಿದಳು. ಮೊನೆ ಬಂತು, ನಿಲ್ಲಿಸಲಿಲ್ಲ. ಮೊನೆ ಮುರಿಯಿತು, ನಿಲ್ಲಿಸಲಿಲ್ಲ. ಕಾಲಬುಡದಲ್ಲಿ ಸಿಪ್ಪೆಯ ರಾಶಿ ಬಿದ್ದು, ಬೆರಳ ತುದಿಯಲ್ಲಿ ರಬ್ಬರು ಮಾತ್ರ ಉಳಿದಾಗ ಅದನ್ನೂ ಚರಂಡಿಗೆ ಎಸೆದಳು. ಮತ್ತೆ ಎಷ್ಟೋ ವರ್ಷ ಅವಳು ಯಾವ ತರಗತಿಯಲ್ಲೂ ಕೈಯೆತ್ತಲಿಲ್ಲ.

ಪರೀಕ್ಷಕರು ಕೊನೆಯ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗುವ ಹಾಗೆ ಮುದುಡಿ ಕೂತಿದ್ದರು. ಮೂಗು ಕೆಂಪಗಾಗಿತ್ತು, ಕೈಯಲ್ಲಿ ಕರವಸ್ತ್ರ. ದೊಡ್ಡ ಮೇಡಂ ಬಾಗಿಲ ಬಳಿ, ಸದ್ದಾಗದ ಹಾಗೆ ಬೀಗದ ಕೈಗಳನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಪಾಠ ಸಲೀಸಾಗಿ ಸಾಗಿತು. ಪೀಠಿಕೆಗೆ ಮಕ್ಕಳು ನಕ್ಕವು, ಕಾಗದ ಮಡಿಸಿ ಎಂದಾಗ ಮಡಿಸಿದವು, ಬೋರ್ಡಿನ ಮೇಲೆ ಅವಳ ಅಕ್ಷರ ಅಚ್ಚು ಹಾಕಿದ ಹಾಗೆ ಬಿತ್ತು. ತನ್ನ ದನಿ ತನಗೇ ಯಾರದೋ ದನಿಯ ಹಾಗೆ, ಕಾಯಂ ಆದವರ ದನಿಯ ಹಾಗೆ ಕೇಳಿಸಿ ಅವಳಿಗೆ ಹೆಮ್ಮೆಯೂ ಆಯಿತು. "ಈಗ ಹೇಳಿ ನೋಡೋಣ. ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ?" ಕೈಗಳು ಮೇಲೆದ್ದವು. ಅವಳು ಎಲ್ಲ ಕೈಗಳ ಮೇಲೂ ಕಣ್ಣು ಹಾಯಿಸಿದಂತೆ ಮಾಡಿ, ತಾಲೀಮಿನ ಪ್ರಕಾರ, ಮೂರನೇ ಬೆಂಚಿನ ಕಡೆ ಬೆರಳು ತೋರಿಸಿದಳು. "ನೀನು ಹೇಳು."

ನಿಧಾನಿ ಎದ್ದು ನಿಂತಳು. ಅವಳ ಕೈಯಲ್ಲಿ ಪೆನ್ಸಿಲ್ ಇತ್ತು, ಹಸಿರು ಬಣ್ಣದ್ದು, ಮೊನೆ ಮಾಡದೇ ಇದ್ದದ್ದು. ಅದನ್ನು ಬೆರಳುಗಳ ನಡುವೆ ಹೊರಳಿಸಿದಳು. ಒಂದು ಉಸಿರು, ಇನ್ನೊಂದು ಉಸಿರು. ಆಗ ಹಿಂದಿನ ಬೆಂಚಿನಿಂದ ಒಂದು ಪಿಸುಮಾತು, "ನಾಲ್ಕನೇ ಒಂದು." ಪಕ್ಕದಿಂದ ಮತ್ತೊಂದು. ಮರೆತುಬಿಟ್ಟಳು ಎಂದು ಮಕ್ಕಳಿಗೆ ಗಾಬರಿ, ಟೀಚರ್ ಬಿದ್ದುಹೋಗುತ್ತಾರೆ ಎಂದು ಗಾಬರಿ. ನಾಲ್ಕನೇ ಒಂದು, ನಾಲ್ಕನೇ ಒಂದು ಎಂದು ಬೆಂಚಿನಿಂದ ಬೆಂಚಿಗೆ ಪಿಸುಗುಟ್ಟಿದವು. ಮಕ್ಕಳು ಒಬ್ಬರಿಗೊಬ್ಬರು ಸರಿ ಉತ್ತರವನ್ನು ಕದ್ದು ಹೇಳಿಕೊಡುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಇಡೀ ತರಗತಿ ಸೇರಿ ಒಬ್ಬಳಿಗೆ ತಪ್ಪನ್ನು ಹೇಳಿಕೊಡುವುದನ್ನು ನೋಡಿದ್ದು ಇದೇ ಮೊದಲು. ಅವಳು ಭಯದಿಂದ ಪರೀಕ್ಷಕರ ಕಡೆ ನೋಡಿದಳು. ಅವರಿಗೆ ಕೇಳಿಸಿತ್ತು. ಅವರು ಸಣ್ಣಗೆ ನಗುತ್ತ, ಮೂಗೊರೆಸಿಕೊಳ್ಳುತ್ತ, ಆಗಲೇ ಹಾಳೆ ತಿರುವಿ ಪೆನ್ನನ್ನು ಸರಿಯಾದ ಕಾಲಮ್ಮಿನ ಮೇಲೆ ತಂದಿಟ್ಟುಕೊಂಡಿದ್ದರು. ಹುಡುಗಿ ಇನ್ನೂ ಬಾಯಿ ತೆರೆದಿರಲಿಲ್ಲ. ಅಂದರೆ ಅವರಿಗೂ ಗೊತ್ತು. ಎಲ್ಲ ಶಾಲೆಯಲ್ಲೂ ಒಬ್ಬಳು ಇರುತ್ತಾಳೆ ಎಂದು, ಈಗ ಅವಳು ಏಳುತ್ತಾಳೆ, ಹೇಳುತ್ತಾಳೆ, ಕೂರುತ್ತಾಳೆ ಎಂದು ಗೊತ್ತು. ಕೋಣೆಯಲ್ಲಿ ಯಾರಿಗೂ ಮೋಸವಾಗುತ್ತಿರಲಿಲ್ಲ, ಎದ್ದು ನಿಂತ ಆ ಹುಡುಗಿಯ ಹೊರತು.

"ನಾಲ್ಕನೇ ಒಂದು ದೊಡ್ಡದು," ಎಂದಳು ನಿಧಾನಿ, ನೆಲ ನೋಡುತ್ತ, ಮಗ್ಗಿ ಒಪ್ಪಿಸುವ ದನಿಯಲ್ಲಿ. "ಯಾಕಂದ್ರೆ ಮೂರಕ್ಕಿಂತ ನಾಲ್ಕು ದೊಡ್ಡದು."

ಟೀಚರ ತುಟಿಯ ಮೇಲೆ ನಗು ತಾನಾಗಿಯೇ ಮೂಡಿತು, ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ನಗು, ಬೆಳಿಗ್ಗೆ ಕನ್ನಡಿಯಲ್ಲಿ ಸಿಗದೇ ಇದ್ದದ್ದು. ತಲೆ ಒಂದಿಷ್ಟು ವಾಲಿತು. "ಪರವಾಗಿಲ್ಲ," ಎಂದಳು. ಮುಂದಿನ ಬೆಂಚಿನ ಚೂಟಿ ಹುಡುಗ ಸರಿ ಉತ್ತರ ಹೇಳಲು ಕಂಕುಳು ಕಿತ್ತುಬರುವ ಹಾಗೆ ಕೈ ಚಾಚಿದ್ದ. ಪೆನ್ನು ಹಾಳೆಗೆ ತಾಗುತ್ತಿತ್ತು. ಇನ್ನು ಉಳಿದಿದ್ದು ಅರ್ಧ ವಾಕ್ಯ. ಆದರೆ ಆ ನಗು ಅವಳ ಮುಖದ ಮೇಲೆ ಯಾರೋ ಒದ್ದೆ ಬಟ್ಟೆ ಹಾಕಿದ ಹಾಗೆ ತಣ್ಣಗೆ ಕೂತಿತ್ತು. ಇದು ಮೇಷ್ಟ್ರ ನಗು. ಈ ನಗುವನ್ನು ನಾನು ಕೆಳಗಿನಿಂದ ನೋಡಿದ್ದೆ. ನಾಳೆಯೋ ನಾಡಿದ್ದೋ ಈ ಹುಡುಗಿ ಕೈಯೆತ್ತುತ್ತಾಳೆ, ಯಾರೋ ಒಬ್ಬರು ನೀನಲ್ಲ ಎನ್ನುತ್ತಾರೆ, ಬಹುಶಃ ನಾನೇ. ಅವಳಿಗೆ ಕೋಪ ಬಂತು. ಅಳು ಬರಬಹುದು ಎಂದುಕೊಂಡಿದ್ದಳು, ಬಂದದ್ದು ಕೋಪ, ಕಿವಿ ಬಿಸಿಯಾಗುವಂಥ ಕೋಪ, ಮೊದಲು ತನ್ನ ಮೇಲೆ, ಆಮೇಲೆ ಸಾಲಾಗಿ ಎಲ್ಲರ ಮೇಲೆ.

"ಇಲ್ಲ," ಎಂದಳು. ದನಿ ಬದಲಾಗಿತ್ತು, ಇದು ಸ್ಟೂಲಿನ ಮೇಲೆ ಕೂರುವವಳ ದನಿ. "ಅದು ಇವಳ ಉತ್ತರ ಅಲ್ಲ. ನಾನು ನಿನ್ನೆ ಹೇಳಿಕೊಟ್ಟಿದ್ದು. ಇವಳಿಗೆ ಸರಿ ಉತ್ತರ ನಿನ್ನೇನೇ ಗೊತ್ತಿತ್ತು. ತಪ್ಪು ಹೇಳು ಅಂತ ನಾನೇ ಹೇಳಿದ್ದು." ಬಾಗಿಲ ಬಳಿ ಬೀಗದ ಕೈಗಳು ಝಣ್ಣೆಂದು ನೆಲಕ್ಕೆ ಬಿದ್ದವು. ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ಚೂಟಿ ಹುಡುಗನ ಕೈ ಗಾಳಿಯಲ್ಲೇ ನಿಂತಿತ್ತು. "ಈಗ ನಿನ್ನ ಉತ್ತರ ಹೇಳಮ್ಮ."

ನಿಧಾನಿ ತಲೆಯೆತ್ತಿದಳು. ಟೀಚರ ಮುಖ ನೋಡಿದಳು, ಆಮೇಲೆ ಕಿಟಕಿಯ ಆಚೆ. ಪೆನ್ಸಿಲ್ಲಿನ ತುದಿಯಿಂದ ಬೆಂಚಿನ ಮೇಲೆ ಗೆರೆ ಬೀಳದ ಒಂದು ಗೆರೆ ಎಳೆದಳು. ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಪರೀಕ್ಷಕರು ಗಡಿಯಾರ ನೋಡಿದರು. ಟೀಚರ್ ನೋಡಲಿಲ್ಲ. ಕಾಯುವುದು ಅಂದರೆ ಹೀಗೆ ಎಂದು ಅವಳಿಗೆ ಅನ್ನಿಸಿತು. ಇಷ್ಟು ವರ್ಷ ಕಾಯುವಂತೆ ನಟಿಸಿದ್ದೆ.

"ಯಾವ ಕಾಗದ ಟೀಚರ್?" ಎಂದಳು ನಿಧಾನಿ.

ಯಾರೋ ಕಿಸಕ್ಕೆಂದರು. ಟೀಚರ್ ಅತ್ತ ನೋಡಿದ ನೋಟಕ್ಕೆ ನಗು ಅಲ್ಲೇ ಸತ್ತಿತು. "ಈ ಎರಡು ಕೆಂಪು ಕಾಗದ ಆದ್ರೆ ಮೂರನೇ ಒಂದು ದೊಡ್ಡದು," ಎಂದಳು ಹುಡುಗಿ. "ಬೇರೆ ಬೇರೆ ಆದ್ರೆ ಅಳೆದು ನೋಡ್ಬೇಕು." "ಅದು ಮೋಸ!" ಎಂದು ಚೂಟಿ ಹುಡುಗ ಎದ್ದೇ ನಿಂತ. "ಮೋಸ ಅಲ್ಲ," ಎಂದಳು ಅವನ ಹಿಂದಿನ ಹುಡುಗಿ, "ದೊಡ್ಡ ಕಾಗದದ ಚೂರು ದೊಡ್ಡದಿರಲ್ವಾ?" ಅಲ್ಲಿಂದ ಮುಂದೆ ಯಾರು ಏನು ಹೇಳಿದರೋ, ಸಾರಾಂಶವೂ ಇಲ್ಲ, ಮನೆಗೆಲಸವೂ ಇಲ್ಲ, ಇಡೀ ತರಗತಿ ಸಂತೆಯಾಗಿತ್ತು. ಗಂಟೆ ಹೊಡೆದದ್ದು ಅವಳಿಗೆ ಕೇಳಿಸಲೇ ಇಲ್ಲ.

ದೊಡ್ಡ ಮೇಡಂ ಕೋಣೆಯಲ್ಲಿ ಪರೀಕ್ಷಕರು ಬಿಸಿನೀರು ಕುಡಿಯುತ್ತ ಕೂತಿದ್ದರು. ಅವಳಿಗೆ ಕುರ್ಚಿ ತೋರಿಸಿದರು, ಅವಳು ಕೂತಳು. "ಎಲ್ಲರೂ ಮಾಡ್ತಾರೆ ಮೇಡಂ," ಎಂದರು ಅವರು, ಮೂಗು ಕಟ್ಟಿದ ದನಿಯಲ್ಲಿ, ಬೇಸರವಿಲ್ಲದೆ. "ನಾನು ನೋಡೋ ಪಾಠದಲ್ಲೆಲ್ಲ ಒಂದು ಮಗು ಎದ್ದು ತಪ್ಪು ಹೇಳುತ್ತೆ. ಯಾರೂ ಬಾಯಿಬಿಡಲ್ಲ, ನಾನೂ ಕೇಳಲ್ಲ. ನೀವು ಯಾಕೆ ಬಾಯಿಬಿಟ್ರಿ?" ಅವಳಿಗೆ ಹೇಳುವುದು ಬಹಳ ಇತ್ತು, ನೀಲಿ ಪೆನ್ಸಿಲ್, ಸಿಪ್ಪೆ, ಮೇಷ್ಟ್ರ ಅಂಗೈ. ಇವರಿಗೆ ಯಾಕೆ ಹೇಳಬೇಕು ಎಂದುಕೊಂಡಳು. ಅವರೇ ಮುಂದುವರಿಸಿದರು. "ಪಾಠ ಚೆನ್ನಾಗಿತ್ತು. ನಿಜ ಹೇಳಬೇಕು ಅಂದ್ರೆ ಕೊನೆಗೆ ಆದ ಗಲಾಟೆ ಇನ್ನೂ ಚೆನ್ನಾಗಿತ್ತು. ಈಗ ಒಂದು ದಾರಿ ಇದೆ. ನೀವು ಗಾಬರೀಲಿ ಏನೋ ಅಂದ್ರಿ. ಮಗು ತಪ್ಪು ಹೇಳಿತು, ನೀವು ಮಗು ಕೈಲೇ ತಿದ್ದಿಸಿದ್ರಿ, ಅಂತ ಬರೀತೀನಿ. ನೀವು ಹೂಂ ಅಂದ್ರೆ ಸಾಕು."

"ಹೂಂ ಅನ್ನಮ್ಮ," ಎಂದರು ದೊಡ್ಡ ಮೇಡಂ. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅವಳಿಗೆ ಅತ್ತೆ ನೆನಪಾದಳು, ಗೋಡೆಯ ಕಡೆ ಮುಖ ಮಾಡಿ ಮಲಗಿದ ಗಂಡ ನೆನಪಾದ, ಹೆಸರು ಅಂಟಿಸಿದ ಕುರ್ಚಿಯ ಮೇಲೆ ತನ್ನ ಹೆಸರು ಹೇಗೆ ಕಾಣಬಹುದು ಎಂದು ಎಷ್ಟೋ ಸಲ ಯೋಚಿಸಿದ್ದು ನೆನಪಾಯಿತು. ಹೂಂ ಎನ್ನಲು ಬಾಯಿ ಕೂಡ ತೆರೆಯಬೇಕಿರಲಿಲ್ಲ. "ಮಗು ತಪ್ಪು ಹೇಳಲಿಲ್ಲ," ಎಂದಳು. "ಹೇಳಿಸಿದ್ದು ನಾನು. ಬರೆಯೋದಾದ್ರೆ ಅದನ್ನ ಬರೀರಿ."

"ಅದನ್ನ ಬರೆದ್ರೆ ನೀವು ಫೇಲು."

"ಗೊತ್ತು."

"ಎರಡು ವರ್ಷ, ಮತ್ತೆ ಮೊದಲಿಂದ."

"ಓದ್ತೀನಿ. ಮೊದಲಿಂದ ಓದೋದು ನನಗೇನು ಹೊಸದಲ್ಲ. ಎರಡು ವರ್ಷ ಬಿಟ್ಟು ನೀವೇ ಬನ್ನಿ ಸಾರ್, ಅಷ್ಟು ಹೊತ್ತಿಗೆ ನೆಗಡಿ ಹೋಗಿರುತ್ತೆ." ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇಂಥ ಮಾತು ಅತ್ತೆಯ ಬಾಯಲ್ಲಿ ಮಾತ್ರ ಬರುತ್ತದೆ ಎಂದುಕೊಂಡಿದ್ದಳು. ಪರೀಕ್ಷಕರು ಅವಳನ್ನು ಒಂದು ಕ್ಷಣ ನೋಡಿ, ಪೆನ್ನಿನ ಟೊಪ್ಪಿ ತೆಗೆದು, ಬರೆದರು. ಬಹಳ ಹೊತ್ತೇನೂ ಬರೆಯಲಿಲ್ಲ. ಅವಳು ಸಹಿ ಹಾಕಿದಳು. ಪೆನ್ನಿಗೆ ಟೊಪ್ಪಿ ಹಾಕಿ ಅವರಿಗೆ ವಾಪಸ್ ಕೊಟ್ಟಳು.

ಮುಂದಿನ ಅವಧಿಯೂ ಅದೇ ತರಗತಿಗೆ ಅವಳದೇ. ಫೇಲಾದವರು ಪಾಠ ಮಾಡಬಾರದು ಎಂದು ಯಾರೂ ಹೇಳಿರಲಿಲ್ಲ. ವರ್ಷ ಮುಗಿಯುವ ತನಕ ಆ ನಾಲ್ಕು ಗೋಡೆ ಅವಳವು. ಬಾಗಿಲಲ್ಲಿ ನಿಧಾನಿ ಕಾಯುತ್ತಿದ್ದಳು. "ಟೀಚರ್, ಗೆಜ್ಜೆ... ದೊಡ್ಡ ಮೇಡಂ ಪೆನ್ಸಿಲ್ ವಾಪಸ್ ಕೊಡು ಅಂದ್ರು." "ಯಾವಾಗ?" "ಆಗ್ಲೇ, ಕಾರಿಡಾರಲ್ಲಿ." "ನಿನಗೆ ಹೇಳಿಕೊಟ್ಟಿದ್ದನ್ನ ನೀನು ಹೇಳಿದ್ಯೋ ಇಲ್ವೋ?" ಹುಡುಗಿ ಯೋಚಿಸಿದಳು. "ಹೇಳಿದೆ." "ಹಾಗಾದ್ರೆ ಅದು ನಿಂದು. ಕೊಡಬೇಡ. ಕೇಳಿದ್ರೆ ನನ್ನ ಹತ್ರ ಕಳಿಸು." ಮತ್ತೆ, ಬಗ್ಗಿ, ಅವಳ ಎತ್ತರಕ್ಕೆ ಬಂದು, "ನಿನ್ನೆ ನಿನ್ನ ಪ್ರಶ್ನೆ ನನಗೆ ಕೇಳಿಸಿತ್ತು. ಕೇಳಿಸದೇ ಇರೋ ಹಾಗೆ ಮಾಡಿದೆ. ಅದು ನನ್ನ ತಪ್ಪು," ಎಂದಳು. 'ಪರವಾಗಿಲ್ಲ' ಎಂದು ಹುಡುಗಿ ಹೇಳಲಿಲ್ಲ. ಟೀಚರೂ ಅದನ್ನು ಬಯಸಲಿಲ್ಲ.

ಒಳಗೆ ಮಕ್ಕಳು ಆಗಲೇ ಎಲ್ಲಿಂದಲೋ ಒಂದು ಹಳೆಯ ದಿನಪತ್ರಿಕೆ ತಂದು ನೆಲದ ಮೇಲೆ ಹಾಸಿದ್ದವು. ಚೂಟಿ ಹುಡುಗ ತನ್ನ ಜೇಬಿನಿಂದ ಬಸ್ಸಿನ ಟಿಕೇಟೊಂದನ್ನು ತೆಗೆದು, ಇದನ್ನ ಮೂರು ಮಾಡಿ ನೋಡೋಣ ಎಂದು ಸವಾಲು ಹಾಕಿದ್ದ. ಗೆರೆ ಎಳೆಯಲು ನಿಧಾನಿ ಮುಂದೆ ಬಂದಳು. "ಟೀಚರ್, ಮೆಂಡರ್ ಇದ್ಯಾ?" ಅವಳು ಮೇಜಿನ ಖಾನೆಯಿಂದ ತೆಗೆದುಕೊಟ್ಟಳು. ಹುಡುಗಿ ಹಸಿರು ಪೆನ್ಸಿಲನ್ನು ಅದರಲ್ಲಿಟ್ಟು ತಿರುಗಿಸಿದಳು. ಸಿಪ್ಪೆ ಒಂದು ಸುರುಳಿಯಾಗಿ ಬಂದು ನೆಲಕ್ಕೆ ಬಿತ್ತು. ಟೀಚರ್ ಆ ಸುರುಳಿಯನ್ನೇ ನೋಡುತ್ತ ನಿಂತಳು, ಹುಡುಗಿ ನಿಲ್ಲಿಸುತ್ತಾಳೋ ಇಲ್ಲವೋ. "ಸಾಕು," ಎಂದುಕೊಂಡು ಹುಡುಗಿ ಮೊನೆಯನ್ನು ಬೆರಳಿಗೆ ಒತ್ತಿ ನೋಡಿ, ಮಂಡಿಯೂರಿ, ನಾಲ್ಕಾಗಿ ಮಡಿಸಿ ಬಿಚ್ಚಿದ ಪತ್ರಿಕೆಯ ಮೇಲೆ ಗೆರೆ ಎಳೆದಳು. ಟಿಕೇಟಿನ ಮೂರನೇ ಒಂದು ಪಾಲನ್ನು ಹರಿದು ಪತ್ರಿಕೆಯ ನಾಲ್ಕನೇ ಒಂದರ ಮೇಲೆ ಇಟ್ಟಳು. ಯಾವುದೋ ಜಾಹೀರಾತಿನ ಮೂಲೆಯಲ್ಲಿ ಆ ಚೂರು ಕಂಡೂ ಕಾಣದ ಹಾಗಿತ್ತು.

ಹೊರಗೆ ಕಾರಿಡಾರಿನಲ್ಲಿ ಚೀಲ ಹೆಗಲಿಗೆ ಹಾಕಿಕೊಂಡ ಪರೀಕ್ಷಕರು ಗೇಟಿನ ಕಡೆ ಹೊರಟಿದ್ದರು, ಪಕ್ಕದಲ್ಲಿ ಝಣಝಣ ಸದ್ದು. ಕಿಟಕಿಯ ಹತ್ತಿರ ಬಂದಾಗ ಅವರ ಹೆಜ್ಜೆ ನಿಧಾನವಾಯಿತು.

"ನಾಲ್ಕನೇ ಒಂದು ದೊಡ್ಡದು," ಎಂದಳು ನಿಧಾನಿ, ತಲೆಯೆತ್ತಿ.

ಟೀಚರ್ ಕಿಟಕಿಯ ಕಡೆ ನೋಡಿದಳು, ನೋಡುತ್ತಿದ್ದೇನೆ ಎಂದು ಅವರಿಗೆ ತಿಳಿಯುವ ಹಾಗೆಯೇ ನೋಡಿದಳು.

"ಇನ್ನೊಂದು ಸಲ ಹೇಳು," ಎಂದಳು. "ಜೋರಾಗಿ."